ನಿಮ್ಮ ಕಾರು ಹುಟ್ಟಿದ್ದೆಲ್ಲಿ? ಕಸ್ಟಮ್ಸ್ ಬ್ರೋಕರ್ ಜತೆ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಕಸ್ಟಮ್ಸ್ ಬ್ರೋಕರ್. ಹೊರಗಿನಿಂದ ಬಂದ ಸರಕು ಯಾವ ದೇಶದ್ದು, ಅದಕ್ಕೆ ಎಷ್ಟು ಸುಂಕ ಅಂತ ಲೆಕ್ಕ ಹಾಕಿ, ಕಾಗದ ತುಂಬಿ ಸರ್ಕಾರಕ್ಕೆ ಸಲ್ಲಿಸುವುದು ನನ್ನ ಕೆಲಸ. 2025ರ ಏಪ್ರಿಲ್‌ನಲ್ಲಿ ಕಾರಿನ ಸುಂಕ ಏರಿದ ಮೇಲೆ ಇನ್‌ಬಾಕ್ಸ್ ತುಂಬ ಒಂದೇ ಥರದ ಪ್ರಶ್ನೆಗಳು. ಒಬ್ಬೊಬ್ಬರಿಗೇ ಬರೆದು ಕೈ ಸೋತಿದೆ. ಇಲ್ಲೇ ಕೇಳಿ, ಇಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ಸುಂಕದ ಗೊಡವೆ ಬೇಡ ಅಂತ ಅಮೆರಿಕನ್ ಕಂಪನಿಯ ಕಾರನ್ನೇ ತಗೊಳ್ಳೋಣ ಅಂತಿದ್ದೇವೆ. ಸರಿ ತಾನೆ?

ಉತ್ತರ: ಕಂಪನಿ ಅಮೆರಿಕದ್ದು ಅನ್ನುವುದಕ್ಕೂ ಕಾರು ಅಮೆರಿಕದ್ದು ಅನ್ನುವುದಕ್ಕೂ ಸಂಬಂಧ ಇಲ್ಲ. ಸುಂಕದವರು ಬಾನೆಟ್ ಮೇಲಿನ ಲೋಗೋ ನೋಡುವುದೇ ಇಲ್ಲ.

ಬ್ಯೂಕ್ ಎನ್ವಿಷನ್ ಚೀನಾದಿಂದ ಬರುತ್ತಿತ್ತು. ಷೆವ್ರೊಲೆ ಟ್ರ್ಯಾಕ್ಸ್ ಬರುವುದು ದಕ್ಷಿಣ ಕೊರಿಯಾದಿಂದ. ಫೋರ್ಡ್ ಮ್ಯಾವರಿಕ್ ಪಿಕಪ್ ಮೆಕ್ಸಿಕೋದ ಎರ್ಮೊಸಿಯೊದಲ್ಲಿ ತಯಾರಾಗುತ್ತದೆ. ಈಗ ಇನ್ನೊಂದು ಕಡೆ ನೋಡಿ. ಟೊಯೋಟ ಕ್ಯಾಮ್ರಿ ಕೆಂಟಕಿಯ ಜಾರ್ಜ್‌ಟೌನ್‌ನದ್ದು, ಆ ಕಾರ್ಖಾನೆ 1988ರಿಂದ ನಡೆಯುತ್ತಿದೆ. ಹೋಂಡಾ ರಿಡ್ಜ್‌ಲೈನ್ ಅಲಬಾಮಾದ್ದು. ಬಿಎಂಡಬ್ಲ್ಯು ಎಕ್ಸ್5 ಸೌತ್ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್‌ನದ್ದು. ಆ ಕಾರ್ಖಾನೆ ಒಂದೇ 2024ರಲ್ಲಿ 1000 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ಕಾರುಗಳನ್ನು ಹೊರದೇಶಕ್ಕೆ ಕಳಿಸಿದೆ. ಹೆಸರು ಜರ್ಮನಿಯದ್ದು, ರಫ್ತು ಅಮೆರಿಕದ್ದು!

ಷೆವ್ರೊಲೆ ಸಿಲ್ವರಾಡೊ 1500 ಇನ್ನೂ ಮಜಾ. ಒಂದೇ ಮಾಡೆಲ್, ಮೂರು ತವರು. ಇಂಡಿಯಾನಾದ ಫೋರ್ಟ್ ವೇನ್, ಕೆನಡಾದ ಆಶಾವಾ, ಮೆಕ್ಸಿಕೋದ ಸಿಲಾವೊ. ಡೀಲರ್ ಅಂಗಳದಲ್ಲಿ ಪಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲಿ ಒಂದಕ್ಕೆ ಸುಂಕ ಬಿದ್ದಿರುತ್ತದೆ, ಇನ್ನೊಂದಕ್ಕೆ ಇಲ್ಲ.

ಪ್ರಶ್ನೆ: ಹಾಗಾದರೆ ನನ್ನ ಗಾಡಿ ಎಲ್ಲಿಂದ ಬಂತು ಅಂತ ಗೊತ್ತುಮಾಡಿಕೊಳ್ಳೋದು ಹೇಗೆ?

ಉತ್ತರ: ವಿಐಎನ್ ನೋಡಿ, ಅಂದರೆ ಗಾಡಿಯ ಗುರುತಿನ ಸಂಖ್ಯೆ. 17 ಅಕ್ಷರ-ಅಂಕಿಗಳ ನಂಬರ್, ಚಾಲಕನ ಕಡೆ ವಿಂಡ್‌ಶೀಲ್ಡ್‌ನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ಮೊದಲ ಅಂಕಿ 1, 4 ಅಥವಾ 5 ಇದ್ದರೆ ಅಮೆರಿಕ. 2 ಕೆನಡಾ, 3 ಮೆಕ್ಸಿಕೋ. ಜೆ ಇದ್ದರೆ ಜಪಾನ್, ಕೆ ಕೊರಿಯಾ, ಎಲ್ ಚೀನಾ, ಡಬ್ಲ್ಯು ಜರ್ಮನಿ. 11ನೇ ಜಾಗದಲ್ಲಿರುವುದು ಕಾರ್ಖಾನೆಯ ಗುರುತು.

ಆದರೆ ಇದು ಹೇಳುವುದು ಕೊನೆಯ ಜೋಡಣೆ ಎಲ್ಲಾಯಿತು ಅನ್ನುವುದನ್ನು ಮಾತ್ರ. ಒಳಗಿನ ಪಾರ್ಟ್ಸ್ ಎಲ್ಲೆಲ್ಲಿಂದ ಬಂದವು ಅಂತ ಬೇಕಿದ್ದರೆ ಹೊಸ ಕಾರಿನ ಕಿಟಕಿಗೆ ಅಂಟಿಸಿದ ಸ್ಟಿಕರ್ ಓದಿ. 1992ರ ಒಂದು ಕಾನೂನಿನ ಪ್ರಕಾರ ಅದರಲ್ಲಿ ಕೊನೆಯ ಜೋಡಣೆ ಆದ ಊರು, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು, ಪಾರ್ಟ್ಸ್‌ನಲ್ಲಿ ಅಮೆರಿಕ-ಕೆನಡಾದ ಪಾಲು ಶೇಕಡಾ ಎಷ್ಟು, ಇಷ್ಟು ಇರಲೇಬೇಕು. ಬೇರೆ ಯಾವುದಾದರೂ ದೇಶದ ಪಾಲು ಶೇ 15 ದಾಟಿದರೆ ಅದರ ಹೆಸರೂ ಬರಬೇಕು.

ಈ ಸ್ಟಿಕರ್‌ನಲ್ಲಿ ಎರಡು ತಮಾಷೆ ಇದೆ. ಒಂದು, ಕೆನಡಾದ ಪಾರ್ಟ್ಸ್ ಕೂಡ ಅಮೆರಿಕದ ಲೆಕ್ಕಕ್ಕೇ ಸೇರುತ್ತವೆ. ಎರಡು, ಆ ಶೇಕಡಾ ನಿಮ್ಮ ಕಾರಿನದ್ದಲ್ಲ, ಇಡೀ ಮಾಡೆಲ್‌ನ ಸರಾಸರಿ. ಮೇಲೆ ಹೇಳಿದ ಸಿಲ್ವರಾಡೊ ನೆನಪಿಸಿಕೊಳ್ಳಿ. ಸುಂಕದ ವಿಷಯಕ್ಕೆ ಈ ಸಂಖ್ಯೆಯನ್ನು ನಂಬಬೇಡಿ, ಕಸ್ಟಮ್ಸ್ ಅದನ್ನು ಮುಟ್ಟುವುದಿಲ್ಲ.

ಪ್ರಶ್ನೆ: ಮುಟ್ಟದಿದ್ದರೆ ಕಸ್ಟಮ್ಸ್‌ನವರು ಯಾವ ದೇಶದ ಕಾರು ಅಂತ ಹೇಗೆ ತೀರ್ಮಾನಿಸುತ್ತಾರೆ? ಎಂಜಿನ್ ಒಂದು ಕಡೆ, ಸೀಟು ಇನ್ನೊಂದು ಕಡೆ, ವೈರಿಂಗ್ ಮತ್ತೊಂದು ಕಡೆ...

ಉತ್ತರ: ನನ್ನ ಕಸುಬಿನ ಜೀವಾಳವೇ ಈ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹಳೇ ನಿಯಮ ಒಂದಿದೆ. ಬೇರೆ ಬೇರೆ ದೇಶದ ವಸ್ತುಗಳು ಯಾವ ದೇಶದಲ್ಲಿ ರೂಪ ಬದಲಿಸಿ ಹೊಸ ವಸ್ತುವಾದವೋ, ಅದೇ ಅದರ ದೇಶ. ಹೊಸ ಹೆಸರು, ಹೊಸ ಗುಣ, ಹೊಸ ಬಳಕೆ ಬಂದಿರಬೇಕು. ಇದರ ಬೇರು 1908ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಅದು ಕಾರಿನ ಕೇಸಲ್ಲ, ಬಿಯರ್ ಬಾಟಲಿಯ ಬಿರಡೆಯದ್ದು! ಸ್ಪೇನ್‌ನಿಂದ ತರಿಸಿದ ಬಿರಡೆಗಳನ್ನು ತೊಳೆದು, ರಾಸಾಯನಿಕ ಹಾಕಿ ಹದ ಮಾಡಿದ್ದೇವೆ, ಇದು ಅಮೆರಿಕದಲ್ಲಿ ತಯಾರಾದ ಹೊಸ ವಸ್ತು ಅಂತ ಬಿಯರ್ ಕಂಪನಿ ವಾದಿಸಿತು. ಎಷ್ಟು ತೊಳೆದರೂ ಬಿರಡೆ ಬಿರಡೆಯೇ ಅಂತ ಕೋರ್ಟ್ ಹೇಳಿತು. ನೂರು ವರ್ಷ ದಾಟಿದೆ, ನಾವು ಈಗಲೂ ಅದೇ ಮಾತನ್ನು ಹಿಡಿದು ಜಗಳ ಆಡುತ್ತೇವೆ.

ಕಾರಿಗೆ ಈ ನಿಯಮ ಹಾಕಿದರೆ ಉತ್ತರ ಸಾಮಾನ್ಯವಾಗಿ ಕೊನೆಯ ಜೋಡಣೆ ನಡೆದ ದೇಶವೇ. ಸಾವಿರಾರು ಬಿಡಿ ಭಾಗಗಳು ಅಲ್ಲಿ ಕಾರಾಗುತ್ತವೆ.

ಎರಡನೆಯದು ಯುಎಸ್‌ಎಂಸಿಎ, ಅಂದರೆ ಅಮೆರಿಕ-ಮೆಕ್ಸಿಕೋ-ಕೆನಡಾ ಒಪ್ಪಂದ. 2020ರ ಜುಲೈ 1ರಿಂದ ಜಾರಿಯಲ್ಲಿದೆ. ಇದರ ರಿಯಾಯಿತಿ ಸಿಗಬೇಕಾದರೆ ಜೋಡಣೆ ಮಾತ್ರ ಸಾಲದು. ಕಾರಿನ ಮೌಲ್ಯದ ಶೇ 75 ಈ ಮೂರು ದೇಶಗಳದ್ದೇ ಆಗಿರಬೇಕು. ಇದಕ್ಕೂ ಮೊದಲು ಈ ಮೂರು ದೇಶಗಳ ನಡುವೆ ಇದ್ದ ನಾಫ್ತಾ ಒಪ್ಪಂದದಲ್ಲಿ ಇದು ಶೇ 62.5 ಇತ್ತು. ಕಂಪನಿ ಕೊಳ್ಳುವ ಉಕ್ಕು, ಅಲ್ಯೂಮಿನಿಯಂನಲ್ಲಿ ಶೇ 70 ಇಲ್ಲಿಯದೇ ಆಗಬೇಕು. ಇದರ ಮೇಲೆ ಕೂಲಿಯ ಷರತ್ತು ಬೇರೆ. ಕಾರಿನ ಮೌಲ್ಯದ ಶೇ 40, ಪಿಕಪ್‌ಗಾದರೆ ಶೇ 45, ಸರಾಸರಿ ಗಂಟೆಗೆ ಕನಿಷ್ಠ 16 ಡಾಲರ್ ಸಂಬಳ ಕೊಡುವ ಕಾರ್ಖಾನೆಗಳಿಂದ ಬಂದಿರಬೇಕು. ಮೆಕ್ಸಿಕೋದ ಅಗ್ಗದ ಕೂಲಿಗೆ ಕೆಲಸ ಪೂರ್ತಿ ಹರಿದುಹೋಗದಿರಲಿ ಅಂತ ಇಟ್ಟದ್ದು.

ಮೂರನೆಯದು 2025ರದ್ದು. ಏಪ್ರಿಲ್ 3ರಿಂದ ಆಮದು ಕಾರಿಗೆ ಹೆಚ್ಚುವರಿ ಶೇ 25. ಮೇ 3ರಿಂದ ಎಂಜಿನ್, ಗೇರ್‌ಬಾಕ್ಸ್‌ನಂಥ ಪಾರ್ಟ್ಸ್‌ಗೂ ಬಂತು. ಮೊದಲಿದ್ದ ಶೇ 2.5 ಸೇರಿದರೆ ಹೊರಗಿನ ಕಾರಿಗೆ ಶೇ 27.5. ಯುಎಸ್‌ಎಂಸಿಎ ಪರೀಕ್ಷೆ ಪಾಸಾದ ಕಾರಿಗೆ ಮಾತ್ರ ಒಂದು ರಿಯಾಯಿತಿ: ಅಮೆರಿಕದ ಪಾಲನ್ನು ಕಳೆದು ಉಳಿದದ್ದಕ್ಕೆ ಮಾತ್ರ ಶೇ 25. ಮೆಕ್ಸಿಕೋದಿಂದ 40,000 ಡಾಲರ್ ಮೌಲ್ಯದ ಗಾಡಿ ಬಂತು ಅಂದುಕೊಳ್ಳಿ. ಅದರಲ್ಲಿ 16,000 ಡಾಲರ್‌ನಷ್ಟು ಅಮೆರಿಕದ ಪಾರ್ಟ್ಸ್. ಉಳಿದ 24,000ಕ್ಕೆ ಸುಂಕ 6,000. ಅಲ್ಲಿಗೆ ಇಡೀ ಗಾಡಿಯ ಮೇಲೆ ಶೇ 15 ಆಯಿತು. ಅಮೆರಿಕದ ಪಾಲನ್ನು ಜಾಸ್ತಿ ತೋರಿಸಿ ಸಿಕ್ಕಿಬಿದ್ದರೆ ಪೂರ್ತಿ ಮೌಲ್ಯಕ್ಕೇ ಶೇ 25 ಬೀಳುತ್ತದೆ. ಅದಕ್ಕೇ ನಮ್ಮ ಕಚೇರಿಯಲ್ಲಿ ಈಗ ಪ್ರತಿ ನಟ್ಟು ಬೋಲ್ಟಿನ ಜಾತಕ ಕೇಳುತ್ತಿದ್ದೇವೆ.

ಹೀಗೆ ಒಂದೇ ಗಾಡಿ ಸ್ಟಿಕರ್‌ಗೆ ಒಂದು, ಕಸ್ಟಮ್ಸ್‌ಗೆ ಒಂದು, ಒಪ್ಪಂದಕ್ಕೆ ಇನ್ನೊಂದು. "ನಿಜವಾಗಿ ಎಲ್ಲಿಯದು" ಅಂತ ಕೇಳಿದರೆ ನಾನು ತಿರುಗಿ ಕೇಳುವುದು, "ಯಾರಿಗೆ ಹೇಳಬೇಕು?" ಅಂತ.

ಪ್ರಶ್ನೆ: ಜಪಾನ್, ಜರ್ಮನಿಗೂ ಶೇ 27.5 ಇದೆಯಾ? ಕಡಿಮೆ ಆಯ್ತು ಅಂತ ಕೇಳಿದ್ದೆ.

ಉತ್ತರ: ಕಡಿಮೆ ಆಯಿತು. ಜಪಾನ್, ಯುರೋಪ್ ಒಕ್ಕೂಟ, ಕೊರಿಯಾ ಮೂರೂ 2025ರಲ್ಲೇ ಮಾತುಕತೆ ನಡೆಸಿ ಶೇ 15ಕ್ಕೆ ಇಳಿಸಿಕೊಂಡವು. ಬ್ರಿಟನ್‌ಗೆ ವರ್ಷಕ್ಕೆ ಮೊದಲ 1 ಲಕ್ಷ ಕಾರುಗಳಿಗೆ ಶೇ 10. ವಿಚಿತ್ರ ಏನೆಂದರೆ, ಪೂರ್ತಿ ಜಪಾನ್‌ನಲ್ಲೇ ಆದ ಕಾರಿಗೆ ಶೇ 15, ಅಮೆರಿಕದ ಪಾರ್ಟ್ಸ್ ತುಂಬಿಕೊಂಡು ಮೆಕ್ಸಿಕೋದಿಂದ ಬಂದ ಗಾಡಿಗೂ ಸುಮಾರು ಅಷ್ಟೇ. ಡೆಟ್ರಾಯಿಟ್‌ನವರು, ಅಂದರೆ ಅಮೆರಿಕದ ಕಾರು ಕಂಪನಿಗಳು, ಸಿಡಿಮಿಡಿಗೊಂಡದ್ದು ಸುಮ್ನೆ ಅಲ್ಲ.

ಪ್ರಶ್ನೆ: ಅಕ್ಕಾ, 50,000 ಡಾಲರ್ ಕಾರಿಗೆ ಶೇ 25 ಅಂದರೆ 12,500 ಡಾಲರ್ ಜಾಸ್ತಿ ಕೊಡಬೇಕಲ್ವಾ? ಡೀಲರ್ ಬಿಲ್‌ನಲ್ಲಿ "ಟ್ಯಾರಿಫ್ ಚಾರ್ಜ್" ಅಂತ ಬೇರೆ ಸಾಲನ್ನೇ ಹಾಕಿದ್ದಾನೆ.

ಉತ್ತರ: ಇಲ್ಲ ತಮ್ಮಾ. ಸುಂಕ ಬೀಳುವುದು ಶೋರೂಂ ಬೆಲೆಗಲ್ಲ, ಗಡಿ ದಾಟುವಾಗಿನ ಬೆಲೆಗೆ. ಹೊರದೇಶದ ಕಾರ್ಖಾನೆ ತನ್ನದೇ ಅಮೆರಿಕದ ಶಾಖೆಗೆ ಮಾರಿದ ದರ ಅದು. ಡೀಲರ್ ಲಾಭ, ಜಾಹೀರಾತು ಯಾವುದೂ ಅದರಲ್ಲಿ ಇಲ್ಲ. ಅಮೆರಿಕದಲ್ಲಿ ಹಡಗಿನ ಬಾಡಿಗೆಯನ್ನೂ ಸೇರಿಸುವುದಿಲ್ಲ. ಬಹಳಷ್ಟು ದೇಶಗಳಲ್ಲಿ ಅದನ್ನೂ ವಿಮೆಯನ್ನೂ ಸೇರಿಸಿಯೇ ಸುಂಕ ಹಾಕುತ್ತಾರೆ.

ಸುಂಕ ಕಟ್ಟುವುದು ಆಮದು ಮಾಡಿಕೊಂಡ ಕಂಪನಿ, ಡೀಲರ್ ಅಲ್ಲ. ಕಂಪನಿ ಅದನ್ನು ಬೆಲೆಯಲ್ಲಿ ಹಂಚಿಬಿಡಬಹುದು, ಸ್ವಲ್ಪ ತಾನೇ ನುಂಗಬಹುದು, ಸುಂಕವೇ ಇಲ್ಲದ ಮಾಡೆಲ್ ಮೇಲೂ ಹೇರಬಹುದು. ಬೇರೆ ಸಾಲು ಹಾಕಿದವನಿಗೆ ಆ ಗಾಡಿಯ ವಿಐಎನ್ ತೋರಿಸಿ ಕೇಳಿ. 1ರಿಂದ ಶುರುವಾಗಿದ್ದರೆ ಅವನ ಮುಖ ನೋಡುವ ಹಾಗಿರುತ್ತದೆ.

ಪ್ರಶ್ನೆ: ಪಿಕಪ್‌ಗಳಿಗೆ ಮೊದಲಿನಿಂದಲೂ ಶೇ 25 ಇತ್ತಂತೆ, ಅದಕ್ಕೆ ಕೋಳಿ ಕಾರಣವಂತೆ. ಯಾರೋ ತಮಾಷೆಗೆ ಹೇಳಿದ್ದಾ?

ಉತ್ತರ: ಅಪ್ಪಟ ನಿಜ. ಈ ಕಥೆ ಹೇಳುವುದು ನನಗೂ ಇಷ್ಟ.

ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಯ ಮಾರುಕಟ್ಟೆ ತುಂಬಿತ್ತು. 1962ರಲ್ಲಿ ಯುರೋಪಿನವರು ಅದರ ಮೇಲೆ ಸುಂಕ ಏರಿಸಿದರು. ಸೇಡಿಗೆ ಅಧ್ಯಕ್ಷ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ, ಸಣ್ಣ ಟ್ರಕ್ ಈ ನಾಲ್ಕರ ಮೇಲೆ ಶೇ 25 ಹಾಕಿದರು. ಟ್ರಕ್ ಸೇರಿದ್ದು ಫೋಕ್ಸ್‌ವ್ಯಾಗನ್ ಗಾಡಿಗಳನ್ನು ತಡೆಯಲು. ಉಳಿದ ಮೂರರ ಸುಂಕ ಇಳಿಯಿತು. ಟ್ರಕ್‌ದು ಅರವತ್ತು ವರ್ಷವಾದರೂ ಕದಲಲಿಲ್ಲ. ಕೋಳಿ ಜಗಳ ಮರೆತೇಹೋಯಿತು!

ಜನ ಕೂರುವ ಕಾರಿಗೆ ಶೇ 2.5, ಟ್ರಕ್ಕಿಗೆ ಶೇ 25. ಇಷ್ಟು ಅಂತರ ಇದ್ದರೆ ಯಾರು ಸುಮ್ಮನಿರುತ್ತಾರೆ? ಸುಬಾರು ತನ್ನ ಬ್ರ್ಯಾಟ್ ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿತು. ಸೀಟಿದೆ, ಜನ ಕೂರುತ್ತಾರೆ, ಆದ್ದರಿಂದ ಕಾರು.

ಮರ್ಸಿಡಿಸ್ ಸ್ಪ್ರಿಂಟರ್‌ದು ಇನ್ನೂ ದೊಡ್ಡ ಸರ್ಕಸ್. ಜರ್ಮನಿಯಲ್ಲಿ ವ್ಯಾನ್ ಪೂರ್ತಿ ಕಟ್ಟಿ, ಮತ್ತೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಬಿಚ್ಚಿ, ಬೇರೆ ಬೇರೆಯಾಗಿ ಹಡಗಿನಲ್ಲಿ ಕಳಿಸಿ, ಸೌತ್ ಕ್ಯಾರೊಲೈನಾದಲ್ಲಿ ಮರುಜೋಡಣೆ. ಇಷ್ಟೆಲ್ಲ ಮಾಡಿದರೂ ಸುಂಕ ಕಟ್ಟುವುದಕ್ಕಿಂತ ಅಗ್ಗ. ಆಮೇಲೆ 2018ರಲ್ಲಿ ಅಲ್ಲೇ ಪೂರ್ಣ ಕಾರ್ಖಾನೆ ತೆರೆದರು.

ಫೋರ್ಡ್ ತಾನೇ ಅಮೆರಿಕದ ಕಂಪನಿ. ಟ್ರಾನ್ಸಿಟ್ ಕನೆಕ್ಟ್ ವ್ಯಾನನ್ನು ಟರ್ಕಿಯಿಂದ ಹಿಂದಿನ ಸೀಟು ಸಮೇತ ತರಿಸಿ, ಬಾಲ್ಟಿಮೋರ್‌ನಲ್ಲಿ ಕಸ್ಟಮ್ಸ್ ದಾಟಿದ ಕೂಡಲೇ ಸೀಟು ಕಿತ್ತು ಸರಕಿನ ವ್ಯಾನ್ ಮಾಡುತ್ತಿತ್ತು. ಕೆಳಗಿನ ಕೋರ್ಟಿನಲ್ಲಿ ಗೆದ್ದಿತು, 2019ರಲ್ಲಿ ಮೇಲ್ಮನವಿಯಲ್ಲಿ ಸೋತಿತು, 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ಓದಿಸುವುದು ಇದೇ ಕೇಸ್.

ಪ್ರಶ್ನೆ: ಸುಂಕದಿಂದ ಕಾರ್ಖಾನೆ ವಾಪಸ್ ಬರುತ್ತದೆ ಅಂತಾರೆ. ನಿಜವಾಗಿ ಬರುತ್ತಾ, ಬರೀ ಭಾಷಣವಾ?

ಉತ್ತರ: ಬಂದದ್ದುಂಟು. ಹೋಂಡಾ 1982ರಲ್ಲಿ ಓಹಾಯೊದ ಮೇರಿಸ್‌ವಿಲ್‌ನಲ್ಲಿ ಅಕಾರ್ಡ್ ಕಟ್ಟಲು ಶುರು ಮಾಡಿತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಒತ್ತಡಕ್ಕೆ ಜಪಾನ್ ವರ್ಷಕ್ಕೆ 16.8 ಲಕ್ಷ ಕಾರು ಮಾತ್ರ ಕಳಿಸುತ್ತೇವೆ ಅಂತ ಒಪ್ಪಿತ್ತು. ಹೋಂಡಾ ಕಾರ್ಖಾನೆಯ ಯೋಚನೆ ಅದಕ್ಕೂ ಮೊದಲಿನದು, ನಿಜ. ಆದರೆ ನಿಸ್ಸಾನ್, ಟೊಯೋಟ ಹಿಂದೆಯೇ ಬಂದದ್ದರಲ್ಲಿ ಆ ಮಿತಿಯ ಪಾತ್ರ ಇದೆ. ಇನ್ನೊಂದು ಪರಿಣಾಮವೂ ಆಯಿತು. ಎಣಿಕೆಗೆ ಮಿತಿ ಇದ್ದಾಗ ಅಗ್ಗದ ಕಾರು ಯಾಕೆ ಕಳಿಸಬೇಕು? ಜಪಾನ್‌ನವರು ದುಬಾರಿ ಕಾರಿಗೆ ತಿರುಗಿದರು. ಅಕ್ಯುರಾ, ಲೆಕ್ಸಸ್, ಇನ್ಫಿನಿಟಿ ಆ ದಶಕದ ಕೂಸುಗಳು.

ಆದರೆ ಹೊಸ ಕಾರ್ಖಾನೆ ಏಳಲು ವರ್ಷಗಟ್ಟಲೆ ಬೇಕು. ಸುಂಕದ ದರ ಒಂದು ಸಹಿಗೆ ಬದಲಾಗುತ್ತದೆ. ನನ್ನ ಗ್ರಾಹಕರು ಕಾಯುತ್ತಿರುವುದು ಇದನ್ನೇ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಶೇ 25 ಅಂತ ಗೊತ್ತಿದ್ದರೂ ಅವರು ಲೆಕ್ಕ ಹಾಕಿಕೊಳ್ಳುತ್ತಾರೆ. ನಾಳೆ ಎಷ್ಟೋ ಅನ್ನುವುದೇ ಅವರನ್ನು ಕಟ್ಟಿಹಾಕಿರುವುದು.

ಪ್ರಶ್ನೆ: ಹಳೇ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ತರಿಸುವ ಆಸೆ. 1998ರ ಮಾಡೆಲ್. ಅದಕ್ಕೂ ಈ ಹೊಸ ಸುಂಕ ಬೀಳುತ್ತಾ?

ಉತ್ತರ: ತಯಾರಾಗಿ 25 ವರ್ಷ ದಾಟಿದ ಗಾಡಿಗೆ ಈ ಹೆಚ್ಚುವರಿ ಸುಂಕ ಇಲ್ಲ. ಹಳೇ ಶೇ 2.5 ಇದೆ. ಅಮೆರಿಕದ ಸುರಕ್ಷತಾ ನಿಯಮದಿಂದಲೂ 25 ವರ್ಷಕ್ಕೆ ವಿನಾಯಿತಿ ಇದೆ. ಮಾಡೆಲ್ ವರ್ಷ ಅಲ್ಲ, ತಯಾರಾದ ತಿಂಗಳು ಮುಖ್ಯ, ಅದಕ್ಕೆ ದಾಖಲೆ ಇಟ್ಟುಕೊಳ್ಳಿ. ಬಂದರಿನಲ್ಲಿ ಗಾಡಿ ನಿಂತರೆ ದಿನದ ಬಾಡಿಗೆಯೇ ಕಣ್ಣಲ್ಲಿ ನೀರು ತರಿಸುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಈಗಷ್ಟೇ ಪಾರ್ಕಿಂಗ್‌ಗೆ ಹೋಗಿ ನೋಡಿ ಬಂದೆ. ನಮ್ಮೆಜಮಾನರ "ಅಪ್ಪಟ ಅಮೆರಿಕನ್" ಟ್ರಕ್ 3ರಿಂದ ಶುರು. ನನ್ನ ಹೋಂಡಾ 1ರಿಂದ.

ಉತ್ತರ: ಅವರಿಗೆ ಈಗಲೇ ಹೇಳಬೇಡಿ, ಊಟ ಆಗಲಿ.