ಮೈಕ್ ‘ಕಟ್’ ಆಯ್ತು ಅಂದ್ರ ಯಾವ ಕಟ್? ರಿಸೀವರ್ ಸೆಟಿಂಗ್‌ಗೆ ಕನ್ನಡ ಪದ ಬೇಕಾಗ್ಯಾವ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಕಡೆ ಬಯಲಾಟಕ್ಕ, ಜಾತ್ರಿಗೆ, ಪುರಾಣ ಪ್ರವಚನಕ್ಕ ಸೌಂಡ್ ಹಾಕೋ ಹುಡುಗರಿಗೆ ಅಂತ ವೈರ್‌ಲೆಸ್ ಮೈಕಿನ ರಿಸೀವರ್ (ಮೈಕಿನ ಅಲೆ ಹಿಡಿದು ದನಿ ಹೊರಗ ಕೊಡೋ ಪೆಟ್ಟಿಗಿ) ಹೆಂಗ ಸೆಟ್ ಮಾಡ್ಬೇಕು ಅನ್ನೋದನ್ನ ಕನ್ನಡದಾಗ ಬರಿಯಾಕ ಕುಂತೀನಿ, ಕೆಲವು ಪದಕ್ಕ ನಿಮ್ಮ ಸಹಾಯ ಬೇಕು. ರಿಸೀವರ್‌ಗೆ ‘ಗ್ರಾಹಕ’ ಅಂತ ಬರಿಯೋರು ಇದಾರ, ಆದ್ರ ಅಂಗಡಿ ಹುಡುಗನಿಗೆ ಗ್ರಾಹಕ ಅಂದ್ರ ಗಿರಾಕಿನೇ, ಹಂಗಾಗಿ ಅದನ್ನ ರಿಸೀವರ್ ಅಂತನೇ ಬಿಟ್ಟೀನಿ.

ದೊಡ್ಡ ತೊಡಕಿರೋದು ‘ಕಟ್’ ಅನ್ನೋದರಾಗ. ಬ್ಯಾಟರಿ ಇಳಿದ್ರೂ ‘ಮೈಕ್ ಕಟ್ ಆಗಾಕತ್ತೈತಿ’, ಪಾತ್ರಧಾರಿ ತಿರುಗಿ ಅವನ ಮೈನೇ ಅಡ್ಡ ಬಂದ್ರೂ ಕಟ್, ಸೊಂಟಕ್ಕ ಕಟ್ಟಿದ, ಅಲೆ ಕಳಸೋ ಡಬ್ಬಿ ಅಂದ್ರ ಟ್ರಾನ್ಸ್‌ಮಿಟರಿನ ಆಂಟೆನಾ ಮಡಚಿ ಸೊಂಟಪಟ್ಟಿ ಒಳಗ ತುರುಕಿದ್ರೂ ಕಟ್, ಕಾಲರ್ ಮೈಕಿನ ವೈರ್ ಬುಡದಾಗ ಮುರಿದ್ರೂ ಕಟ್. ರಿಪೇರಿ ಮಾತ್ರ ಒಂದೊಂದಕ್ಕ ಬ್ಯಾರೆ. ರಿಸೀವರ್ ಮ್ಯಾಲೆ ಆರ್‌ಎಫ್ (ಬರೋ ರೇಡಿಯೋ ಅಲೆ ಎಷ್ಟು ಅಂತ ತೋರ್ಸೋದು) ಅಂತ ಒಂದು, ಎಎಫ್ (ದನಿ ಎಷ್ಟು ಅಂತ ತೋರ್ಸೋದು) ಅಂತ ಒಂದು ಮೀಟರ್ ಇರ್ತಾವಲ್ಲ, ದನಿ ಹೋದಾಗ ಆರ್‌ಎಫ್ ಬಿದ್ರ ತೊಂದರೆ ಗಾಳಿ ದಾರ್ಯಾಗೋ, ಬ್ಯಾಟರಿ, ಆಂಟೆನಾದಾಗೋ ಐತಿ, ಆರ್‌ಎಫ್ ತುಂಬಿದ್ದು ಎಎಫ್ ಅಷ್ಟೇ ಬಿದ್ರ ಮೈಕು, ಅದರ ವೈರು, ಇಲ್ಲಾ ಮ್ಯೂಟ್ ಗುಂಡಿ ನೋಡ್ಬೇಕು. ಅದಕ್ಕ ನಾನು ‘ಅಲೆ ಬಿತ್ತು’, ‘ದನಿ ಬಿತ್ತು’ ಅಂತ ಎರಡು ಮಾತು ಮಾಡೀನಿ. ವೇದಿಕೆ ಪಕ್ಕದಾಗ ಕೂಗಿ ಹೇಳಾಕ ಸಲೀಸು. ಇವು ಕಿವಿಗೆ ಸರಿ ಅನಸ್ತಾವೇನ್ರಿ?

ಇನ್ನ ರಿಸೀವರಿನಾಗ ಏರಿಸಿ ಇಳಿಸೋ ಸ್ಕ್ವೆಲ್ಚ್ ಅನ್ನೋ ಸೆಟಿಂಗ್. ‘ಗದ್ದಲ ತಡೆ’ ಅನ್ನೋ ಪದ ಒಬ್ರು ಸೂಚಿಸಿದ್ರು, ನಂಗ ಅದು ಅಪಾಯ ಅನಸ್ತೈತಿ. ಜನರೇಟರ್ ಸದ್ದು ಮೈಕಿನಾಗ ಬಂದ್ರ ಹುಡುಗರು ಅದನ್ನ ಪೂರ್ತಿ ಏರಿಸಿಬಿಡ್ತಾರ, ಸದ್ದು ಹೋಗಂಗಿಲ್ಲ, ಮೈಕಿನ ರೇಂಜ್ ಕುಗ್ತೈತಿ ಅಷ್ಟೇ. ಯಾಕಂದ್ರ ಸ್ಕ್ವೆಲ್ಚ್ ಮಾತಿನಾಗಿನ ಗದ್ದಲ ತೆಗಿಯೋದಲ್ಲ, ಬರೋ ಅಲೆ ಒಂದು ಮಟ್ಟಕ್ಕಿಂತ ಕೆಳಗ ಇದ್ರ ದನಿ ಹೊರಗ ಬಿಡಂಗಿಲ್ಲ. ಕೆರಿ ಕೋಡಿ ಇದ್ದಂಗ, ನೀರು ಕೋಡಿ ಮಟ್ಟ ದಾಟಿದ್ರ ತಾನಾಗೇ ಹರೀತೈತಿ. ‘ತೂಬು’ ಅಂತಾನೂ ಯೋಚನೆ ಬಂತು, ಆದ್ರ ತೂಬು ಕೈಲೆ ಎತ್ತಬೇಕು. ಹಂಗಾಗಿ ಸದ್ಯಕ್ಕ ‘ಕೋಡಿ ಮಟ್ಟ’ ಅಂತ ಬರದೀನಿ.

ಡೈವರ್ಸಿಟಿಗೆ ‘ವೈವಿಧ್ಯ’ ಅಂದ್ರ ಏನೂ ತಿಳಿಯಂಗಿಲ್ಲ. ಎರಡು ಆಂಟೆನಾದಾಗ ಯಾವುದಕ್ಕ ಅಲೆ ಚಲೋ ಬರ್ತೈತಿ ಅದನ್ನ ಆ ಕ್ಷಣಕ್ಕ ಆರಿಸ್ಕೊಳ್ಳೋ ಕೆಲಸ ಅದು. ‘ಜೋಡಿ ಆಂಟೆನಾ’ ಅನ್ನೋಣಂದ್ರ ಎರಡು ಮೈಕಿನ ಅಗ್ಗದ ಸೆಟ್ಟಿನಾಗ ಮೈಕಿಗೊಂದರಂಗ ಎರಡು ಆಂಟೆನಾ ಇರ್ತಾವು, ಅಲ್ಲಿ ಆರಿಸೋದೇ ಇಲ್ಲ. ಇದಕ್ಕ ನನ್ನ ಹತ್ರ ಪದನೇ ಇಲ್ಲ.

ಡಿಸ್ಟಾರ್ಷನ್‌ಗೆ ಮಾತ್ರ ‘ವಿರೂಪ’ ಬ್ಯಾಡ, ನಮ್ಮ ಹುಡುಗರು ‘ಸೌಂಡ್ ಒಡಿತೈತಿ’ ಅಂತಾರ, ಅದಕ್ಕಿಂತ ಚಲೋ ಪದ ಎಲ್ಲೂ ಸಿಗಂಗಿಲ್ಲ. ರಿಸೀವರಿನ ಜೋರು ಸಿಗ್ನಲ್ ಕೊಡೋ ಲೈನ್ ಔಟ್‌ಪುಟ್‌ನ ಮಿಕ್ಸರಿನ ಸಣ್ಣ ಸಿಗ್ನಲ್ ತಗೊಳ್ಳೋ ಮೈಕ್ ಇನ್‌ಪುಟ್‌ಗೆ ಕೊಟ್ರ ಒಡಿತೈತಿ, ಟ್ರಾನ್ಸ್‌ಮಿಟರಿನ ಗೇನ್ (ದನಿ ಏರಿಸೋ ಮಟ್ಟ) ಜಾಸ್ತಿ ಆಗಿ ರಾಕ್ಷಸ ಪಾತ್ರದವ ಆರ್ಭಟ ಕೊಟ್ಟಾಗೂ ಒಡಿತೈತಿ, ಅಲ್ಲಿ ಒಡದದ್ದನ್ನ ಮಿಕ್ಸರಿನಾಗ ಎಷ್ಟು ಇಳಿಸಿದ್ರೂ ಸರಿ ಆಗಂಗಿಲ್ಲ. ಗೇನ್ ತಿರುವೋದು ಸೊಂಟದ ಡಬ್ಬಿ, ರಿಸೀವರ್, ಮಿಕ್ಸರ್ ಅಂತ ಮೂರು ಕಡೆ, ಹೇಳೋದು ಮಾತ್ರ ಮೂರಕ್ಕೂ ‘ಸೌಂಡ್ ಏರಸು’ ಅಂತ ಒಂದೇ. ಪದ ಬ್ಯಾರೆ ಮಾಡ್ಲೋ, ‘ಡಬ್ಬಿ ಗೇನ್’, ‘ಮಿಕ್ಸರ್ ಗೇನ್’ ಅಂತ ಜಾಗದ ಹೆಸರು ಸೇರಸ್ಲೋ?

ಕೊನಿಗೆ ಇಂಟರ್‌ಮಾಡ್ಯುಲೇಷನ್, ಅಂದ್ರ ಎರಡು ಮೈಕಿನ ಅಲೆ ಬೆರೆತು ಬ್ಯಾರೆ ಅಲೆ ಹುಟ್ಟೋದು. 600.0, 600.4 ಮೆಗಾಹರ್ಟ್ಸ್‌ದಾಗ ಎರಡು ಮೈಕ್ ಹಚ್ಚಿದ್ರ 599.6ಕ್ಕೂ 600.8ಕ್ಕೂ ಕರೆಯದ ಅಲೆ ಹುಟ್ಟತಾವು, ಅದಕ್ಕ ಮೂರನೇ ಮೈಕ್‌ನ ಸಮ ಅಂತರ ಅಂತ 600.8ಕ್ಕ ಇಡಬಾರದು. ಇದನ್ನ ‘ಬೆರಕಿ ಅಲೆ’ ಅಂತ ಕರದೀನಿ. ರಾಯಚೂರು, ಬಳ್ಳಾರಿ ಕಡೆ ಸೌಂಡಿನವರು ಇದಕ್ಕ, ಡೈವರ್ಸಿಟಿಗೆ ಬ್ಯಾರೆ ಏನಾರ ಅಂತಿದ್ರ ದಯವಿಟ್ಟು ತಿಳಸ್ರಿ, ಅವರ ಬಾಯಾಗಿನ ಪದನೇ ಹಾಕ್ತೀನಿ.