ಚಳಿಗಾಲದ ನಸುಕಿನಲ್ಲಿ ವೇತಾಳ ಟೇಕಡಿಯ ಮೇಲೆ ಜಲವರ್ಣ, ಜೊತೆಗೆ ನಾಯಿ: ಸಲಹೆ ಬೇಕು

ಕೋಥ್ರೂಡ್‌ವಾಸಿ:
ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಪುಣೆಗೆ ಬಂದು ಆರು ವರ್ಷವಾಯಿತು. ಡಿಸೆಂಬರ್‌ನಿಂದ ಪ್ರತಿ ಭಾನುವಾರ ನಮ್ಮ ನಾಯಿ ಕರಿಯನನ್ನು ಕರೆದುಕೊಂಡು ಇಲ್ಲಿನ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿ, ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಕುಳಿತು ಚಿತ್ರ ಬಿಡಿಸುತ್ತಿದ್ದೇನೆ. ಆದರೆ ಆಕಾಶಕ್ಕೆ ಬಳಿದ ತೆಳು ಬಣ್ಣ ಇಪ್ಪತ್ತು ನಿಮಿಷ ಕಳೆದರೂ ಒಣಗುವುದಿಲ್ಲ. ಆತುರಪಟ್ಟು ಗುಡ್ಡದ ಸಾಲನ್ನು ಎಳೆದರೆ ನೀರು ಮೇಲಕ್ಕೆ ಹರಿದು ಹೂಕೋಸಿನಂಥ ಕಲೆ ಮೂಡುತ್ತದೆ. ಇನ್ನು ಕರಿಯ ಹತ್ತು ನಿಮಿಷವೂ ಕೂರುವುದಿಲ್ಲ. ಕಳೆದ ವಾರ ಅವನ ಹಗ್ಗವನ್ನು ಈಸಲ್‌ನ (ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡ್) ಕಾಲಿಗೆ ಕಟ್ಟಿದ್ದೆ. ನವಿಲು ಕೂಗಿದ್ದೇ ತಡ ಅವನು ಹಾರಿದ, ಹಲಗೆ, ಬಣ್ಣ, ಕಾಗದ ಎಲ್ಲವೂ ಮಣ್ಣುಪಾಲಾದವು. ಅವನನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಏನು ಮಾಡಲಿ?

ಕುಂಚಪ್ರಿಯೆ:
ಜನವರಿಯಲ್ಲಿ ಪುಣೆಯ ಬೆಳಗಿನ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಬ್ಬನಿ ಬೀಳುವಷ್ಟು ತೇವ ತುಂಬಿದ ತಣ್ಣನೆಯ ಗಾಳಿ ಕಾಗದದ ನೀರನ್ನು ಬೇಗ ಹೀರಿಕೊಳ್ಳಲಾರದು. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಕಾಗದವಾದರೆ ಒಳಗೂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಮೇಲಿನ ಹೊಳಪು ಹೋದ ಮಾತ್ರಕ್ಕೆ ಒಣಗಿತೆಂದು ನಂಬಬೇಡಿ. ಬಣ್ಣ ಬಳಿದ ಜಾಗಕ್ಕೂ ಬಳಿಯದ ಅಂಚಿಗೂ ಅಂಗೈಯ ಹಿಂಭಾಗವನ್ನು ಒಂದಾದ ಮೇಲೊಂದು ಮುಟ್ಟಿಸಿ ನೋಡಿ: ಬಣ್ಣದ ಭಾಗ ಹೆಚ್ಚು ತಣ್ಣಗಿದ್ದರೆ ಇನ್ನೂ ಒದ್ದೆಯಿದೆ. ನಾನು ಅಂಚೆಕಾರ್ಡಿನ ಅಳತೆಯ ಎರಡು ಕಾಗದಗಳನ್ನು ಇಟ್ಟುಕೊಂಡು, ಒಂದು ಒಣಗುವಾಗ ಇನ್ನೊಂದರಲ್ಲಿ ಕೆಲಸ ಮಾಡುತ್ತೇನೆ. ದೂರದ ಗುಡ್ಡಗಳನ್ನಂತೂ ಆಕಾಶ ಹಸಿಯಾಗಿರುವಾಗಲೇ, ಕುಂಚದ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ದಪ್ಪ ಬಣ್ಣದಲ್ಲಿ ಇಡುತ್ತೇನೆ. ಮಂಜಿನಲ್ಲಿ ಅವುಗಳ ಅಂಚು ಕಣ್ಣಿಗೂ ಹಾಗೆಯೇ ಕರಗಿ ಕಾಣುತ್ತದೆಯಲ್ಲವೇ?

ಪಾಷಾಣ್ ನಿವಾಸಿ:
ಬಣ್ಣದ ವಿಚಾರ ಮೇಲಿನವರು ಹೇಳಿದ್ದಾರೆ. ನಾನು ಹದಿಮೂರು ವರ್ಷ ನಾಯಿ ಸಾಕಿದವನು, ಕರಿಯನ ಪರವಾಗಿ ಹೇಳುತ್ತೇನೆ. ಟೇಕಡಿ ತಲುಪಿದ ಕೂಡಲೇ ಕೂರಬೇಡಿ. ಅರ್ಧ ಗಂಟೆ ಅವನನ್ನು ನಡೆಸಿ, ಮೂಸಬೇಕಾದುದನ್ನೆಲ್ಲ ಮೂಸಲು ಬಿಡಿ. ಬಳಿಕ ನಿಮ್ಮ ಸೊಂಟಕ್ಕೇ ಹಗ್ಗ ಕಟ್ಟಿಕೊಂಡು ನೆಲದಲ್ಲಿ ಕುಳಿತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಳ್ಳಿ. ನವಿಲುಗಳಿರುವಲ್ಲಿ ಅವನನ್ನು ಬಿಚ್ಚಲೇಬಾರದು. ಬಂಡೆ ಚಳಿಗೆ ಕೊರೆಯುತ್ತದೆ, ಆದ್ದರಿಂದ ಅವನಿಗೊಂದು ಗೋಣಿಚೀಲ ಹಾಸಿ. ಎರಡು ಮೂರು ವಾರಗಳಲ್ಲಿ ಅದು ತನ್ನ ಜಾಗವೆಂದು ಅವನೇ ತಿಳಿದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕುಂಚ ತೊಳೆದ ನೀರು. ನಮ್ಮ ನಾಯಿ ಒಮ್ಮೆ ಅದನ್ನು ನೆಕ್ಕಿದ್ದಕ್ಕೆ ನಾನು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಹೊಟ್ಟೆಗೆ ಹೋಗಬಾರದು. ಬಿಗಿ ಮುಚ್ಚಳದ ಡಬ್ಬಿ ಬಳಸಿ, ಅವನ ಕುಡಿಯುವ ನೀರನ್ನು ಬೇರೆ ಬಟ್ಟಲಿನಲ್ಲಿ ಮೊದಲೇ ಕೊಡಿ, ಕೊಳಕು ನೀರನ್ನು ಗಣಿಯ ಹೊಂಡಕ್ಕೆ ಚೆಲ್ಲದೆ ಮನೆಗೆ ತನ್ನಿ.

ಕೋಥ್ರೂಡ್‌ವಾಸಿ:
ಇಬ್ಬರಿಗೂ ಕೃತಜ್ಞತೆಗಳು. ಇಂದು ಹಾಗೆಯೇ ಮಾಡಿದೆ. ಕರಿಯ ಗೋಣಿಯ ಮೇಲೆ ನನ್ನ ಮೊಣಕಾಲಿಗೆ ಬೆನ್ನು ಒತ್ತಿ ಮಲಗಿದ್ದ; ಅವನ ಉಸಿರಿಗೆ ಹಲಗೆ ಸ್ವಲ್ಪ ಅಲುಗಾಡುತ್ತಿತ್ತು, ಅಷ್ಟೇ. ಗುಡ್ಡದ ಸಾಲು ಮೊದಲ ಬಾರಿಗೆ ಕಲೆಯಿಲ್ಲದೆ ನಿಂತಿತು. ಇನ್ನೊಂದು ಕೇಳಬೇಕಿತ್ತು: ಅಲ್ಲಿನ ಗ್ಲಿರಿಸಿಡಿಯಾ, ನಮ್ಮ ಕಡೆಯ ಗೊಬ್ಬರದ ಗಿಡ, ಈಗ ಎಲೆ ಉದುರಿಸಿ ತಿಳಿಗುಲಾಬಿ ಹೂ ಬಿಡುತ್ತಿದೆ. ಬೂದು ಕೊಂಬೆಗಳ ಮೇಲೆ ಆ ಬಣ್ಣ ಮಂಕಾಗದಂತೆ ತರುವುದು ಹೇಗೆ?

ಕುಂಚಪ್ರಿಯೆ:
ಹೂವನ್ನು ಮೊದಲು ಬಿಳಿ ಕಾಗದದ ಮೇಲೆಯೇ ಇಟ್ಟು, ಪೂರ್ತಿ ಒಣಗಿದ ಮೇಲೆ ಕೊಂಬೆಗಳನ್ನು ಅದರ ನಡುನಡುವೆ ಎಳೆಯಿರಿ.