ಪ್ರೀಮಿಯರ್ ಗ್ಲಾಡಿಸ್ ಫಾರ್ವರ್ಡ್ ಮೇಲೆ ಮನೆ ಗ್ರೂಪ್‌ನಲ್ಲಿ ನಡೆದ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಅಪ್ಪ ಸಿಡ್ನಿ ಒಪೇರಾ ಹೌಸ್ ಕಟ್ಟುವಾಗ ವೆಲ್ಡಿಂಗ್ ಮಾಡಿದವರು. ಅಮ್ಮ ನರ್ಸ್. ಐದು ವರ್ಷದವರೆಗೆ ಮಗಳಿಗೆ ಅರ್ಮೇನಿಯನ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಆ ಗ್ಲಾಡಿಸ್ ಬೆರೆಜಿಕ್ಲಿಯನ್ 2017ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ! ಮಕ್ಕಳಿಗೆ ಓದಿ ಹೇಳಿ 🙏

ಸಿಡ್ನಿ ಅಣ್ಣ: ದೊಡ್ಡಪ್ಪ, ಬರೆದವರು ಜಾಣರು, 2017ಕ್ಕೇ ನಿಲ್ಲಿಸಿದ್ದಾರೆ. 2021ರಲ್ಲಿ ರಾಜೀನಾಮೆ. 2023ರಲ್ಲಿ ಇಲ್ಲಿನ ಭ್ರಷ್ಟಾಚಾರ ತನಿಖಾ ಆಯೋಗ (ಐಕ್ಯಾಕ್ ಅಂತಾರೆ, ನಮ್ಮ ಲೋಕಾಯುಕ್ತ ಇದ್ದ ಹಾಗೆ) ಅವರು ಗಂಭೀರ ಭ್ರಷ್ಟ ನಡವಳಿಕೆ ತೋರಿದ್ದಾರೆ ಅಂತ ವರದಿ ಕೊಟ್ಟಿತು.

ಚಿಕ್ಕಮ್ಮ: ಅಯ್ಯೋ, ದುಡ್ಡು ತಿಂದಳಾ?

ಸಿಡ್ನಿ ಅಣ್ಣ: ಇಲ್ಲ ಚಿಕ್ಕಮ್ಮ. ಡ್ಯಾರಿಲ್ ಮಗ್ವಾಯರ್ ಅಂತ ಅವರದೇ ಪಕ್ಷದ ಶಾಸಕನ ಜೊತೆ ಗುಟ್ಟಾಗಿ ಸಂಬಂಧ ಇತ್ತು. ಅವನ ಕ್ಷೇತ್ರ ವಾಗಾ ವಾಗಾ. ಅಲ್ಲಿನ ಬಂದೂಕು ಶೂಟಿಂಗ್ ಕ್ಲಬ್ಬಿಗೆ 55 ಲಕ್ಷ ಡಾಲರ್ ಅನುದಾನ ಬಂದಾಗ ಹಣಕಾಸು ಮಂತ್ರಿ ಈಕೆಯೇ.

ಅತ್ತಿಗೆ: ರೀ, ಅರ್ಧ ಕಥೆ ಹೇಳಬೇಡಿ. 2003ರಲ್ಲಿ ಸಿಡ್ನಿಯ ವಿಲೋಬಿ ಕ್ಷೇತ್ರದಲ್ಲಿ ಬರೀ 144 ಮತದಿಂದ ಗೆದ್ದವರು 2019ರಲ್ಲಿ ಇಡೀ ರಾಜ್ಯ ಗೆದ್ದುಕೊಟ್ಟರು. ಈ ರಾಜ್ಯದಲ್ಲಿ ಪಕ್ಷವನ್ನು ಚುನಾವಣೆಯಲ್ಲಿ ಗೆಲ್ಲಿಸಿದ ಮೊದಲ ಹೆಂಗಸು. ಕೊರೊನಾ ಟೈಮಲ್ಲಿ ಬೆಳಿಗ್ಗೆ 11ಕ್ಕೆ ಆಕೆಯ ಮಾತು ಕೇಳೋಕೆ ಟಿವಿ ಮುಂದೆ ನೀವೇ ಕೂರುತ್ತಿದ್ದಿರಿ, ಅಲ್ವಾ? ಆಮೇಲೆ ಆಯೋಗದವರು ವಿಚಾರಣೆಯಲ್ಲಿ ಅವನ ಜೊತೆಗಿನ ಆಕೆಯ ಖಾಸಗಿ ಫೋನ್ ಮಾತನ್ನ ಊರಿಗೆಲ್ಲ ಕೇಳಿಸಿದರು. ಗಂಡಸಾಗಿದ್ದರೆ ಇಷ್ಟು ಕೆದಕುತ್ತಿದ್ದರಾ?

ಚಿಕ್ಕಮ್ಮ: ಅದೇ ಮತ್ತೆ! ಯಾರನ್ನ ಪ್ರೀತಿಸಿದರೆ ಇವರಿಗೇನಂತೆ.

ನಾನು: ಚಿಕ್ಕಮ್ಮ, ಯಾರನ್ನ ಪ್ರೀತಿಸಿದರು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಫೋನ್ ಮಾತಲ್ಲೇ ಒಂದು ಕಡೆ ಅವನು ಯಾವುದೋ ಜಮೀನು ವ್ಯವಹಾರ ಹೇಳೋಕೆ ಹೊರಡುತ್ತಾನೆ, ಈಕೆ ಅದೆಲ್ಲ ನನಗೆ ಗೊತ್ತಾಗೋದು ಬೇಡ ಅಂತ ತಡೆಯುತ್ತಾರೆ. ಏನೂ ಅನುಮಾನ ಇಲ್ಲದವರು ಹಾಗೆ ಹೇಳ್ತಾರಾ? ಅನುಮಾನ ಬಂದರೆ ಆಯೋಗಕ್ಕೆ ತಿಳಿಸಬೇಕು ಅಂತ ಅಲ್ಲಿನ ಕಾನೂನೇ ಇದೆ. ತಿಳಿಸಲಿಲ್ಲ. ಇನ್ನು ಅನುದಾನದ ವಿಷಯ, ಸಹೋದ್ಯೋಗಿಗಳಿಗೆ ಈ ಸಂಬಂಧದ ಬಗ್ಗೆ ಒಂದು ಮಾತು ಹೇಳಿ ಆ ಕಡತದಿಂದ ದೂರ ಇದ್ದಿದ್ದರೆ ಸಾಕಿತ್ತು. ಅಜ್ಜ ಅಜ್ಜಿ 1915ರ ಅರ್ಮೇನಿಯನ್ ನರಮೇಧದಲ್ಲಿ ಅನಾಥರಾದವರು, ಆ ಮನೆಯಿಂದ ಇಷ್ಟು ಎತ್ತರಕ್ಕೆ ಬಂದದ್ದು ನಿಜಕ್ಕೂ ದೊಡ್ಡದು, ನನಗೂ ಮೈ ಜುಮ್ ಅಂತು. ಆದರೆ ವಲಸೆ ಬಂದವರ ಮಗಳು ಅಂತ ರಿಯಾಯಿತಿ ಕೊಟ್ಟರೆ ಅದೂ ಒಂಥರಾ ಅವಮಾನವೇ.

ದೊಡ್ಡಪ್ಪ: ಜೈಲಾಯಿತಾ?

ಸಿಡ್ನಿ ಅಣ್ಣ: ಇಲ್ಲ. ಕೇಸು ಹಾಕಿ ಅಂತ ಆಯೋಗ ಹೇಳಲೂ ಇಲ್ಲ. ಅಷ್ಟರಲ್ಲಾಗಲೇ ಆಪ್ಟಸ್ ಅನ್ನೋ ಟೆಲಿಕಾಂ ಕಂಪನಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು.

ಅತ್ತಿಗೆ: ಆ ವರದಿ ವಿರುದ್ಧ ಆಕೆ ಅಪೀಲು ಕೋರ್ಟಿಗೆ ಹೋದರಲ್ಲ, ಅಲ್ಲಿ ಮೂವರು ಜಡ್ಜ್. ಒಬ್ಬರು ಆಕೆಯ ಪರವಾಗಿದ್ದರು. ಅದನ್ನೂ ಹೇಳಿ.

ಸಿಡ್ನಿ ಅಣ್ಣ: ಆ ಜಡ್ಜ್ ಹಿಡಿದದ್ದು ವರದಿ ಬರೆದವರ ಅಧಿಕಾರದ ಅವಧಿ ಮುಗಿದಿತ್ತು ಅನ್ನೋ ತಾಂತ್ರಿಕ ಅಂಶ ಕಣೇ. ಉಳಿದ ಇಬ್ಬರು ಒಪ್ಪಲಿಲ್ಲ, 2024ರ ಜುಲೈನಲ್ಲಿ ಆಕೆಯ ಅರ್ಜಿ ವಜಾ. ಇಬ್ಬರ ಮಾತೇ ನಡೆಯೋದು.

ಅತ್ತಿಗೆ: ಕೋರ್ಟಲ್ಲಿ ನಡೆಯಲಿ. ಇಲ್ಲಿ ನಾನು, ಚಿಕ್ಕಮ್ಮ ಒಂದು ಕಡೆ. ದೊಡ್ಡಪ್ಪ, ನೀವು ಯಾವ ಕಡೆ?

ದೊಡ್ಡಪ್ಪ: ನಾನು ಬೇರೆ ಮೂರು ಗ್ರೂಪಿಗೂ ಕಳಿಸಿಬಿಟ್ಟಿದ್ದೇನಲ್ಲ, ಡಿಲೀಟ್ ಮಾಡೋದು ಹೇಗೆ ಅಂತ ಯಾರಾದರೂ ಹೇಳಿ ಮೊದಲು.